ನಾಟಿ ಕೋಳಿ ಸಾರಿನ ಊಟಕ್ಕೆ ವೈನ್ ಆರಿಸೋದು ಹೇಗೆ

ಶನಿವಾರ ರಾತ್ರಿ ಆರು ಜನ ಸೇರಿ ಊಟ ಅಂತಿಟ್ಟುಕೊಳ್ಳಿ. ಅಂಬೊಡೆ, ಕೋಸಂಬರಿ, ನಾಟಿ ಕೋಳಿ ಸಾರು, ಮುದ್ದೆ, ಸ್ವಲ್ಪ ಅನ್ನ, ಮೊಸರು. ಜೊತೆಗೆ ವೈನ್ ಇಡೋಣ ಅಂತ ಆಸೆ. ಆಗ ಎಲ್ಲರಿಗೂ ನೆನಪಾಗೋದು ಒಂದೇ ಲೆಕ್ಕ: ಮಾಂಸಕ್ಕೆ ರೆಡ್, ಮೀನಿಗೆ ವೈಟ್. ಆ ಲೆಕ್ಕ ಬಂದದ್ದು ಹುಣಸೆಹಣ್ಣು, ಒಣಮೆಣಸಿನಕಾಯಿ ಅಷ್ಟಾಗಿ ಬಳಸದ ಅಡುಗೆಮನೆಗಳಿಂದ. ನಮ್ಮ ತಟ್ಟೆಗೆ ಅದು ಹೊಂದೋದಿಲ್ಲ. ನಾವು ನೋಡಬೇಕಾದ್ದು ಖಾರ ಎಷ್ಟಿದೆ, ಹುಳಿ ಎಷ್ಟಿದೆ ಅಂತ. ಕೋಳಿಯೋ ಮೀನೋ ಅನ್ನೋದು ಆಮೇಲಿನ ಮಾತು.

ಕೆಲವು ವರ್ಷಗಳ ಹಿಂದೆ ಇಂಥದೇ ಊಟಕ್ಕೆ ನಾನು ಒಳ್ಳೆಯ ಬೆಲೆಯ, ಗಟ್ಟಿಯಾದ ಕ್ಯಾಬರ್ನೆ ಅನ್ನೋ ರೆಡ್ ವೈನ್ ತಂದಿದ್ದೆ. ಅಂಬೊಡೆ ತಿನ್ನುವಾಗ ಎಲ್ಲರಿಗೂ ಇಷ್ಟವಾಗಿತ್ತು. ಸಾರು ಬಡಿಸಿದ ಮೇಲೆ ಒಬ್ಬೊಬ್ಬರಾಗಿ ಗ್ಲಾಸು ಪಕ್ಕಕ್ಕಿಟ್ಟರು. ವೈನ್ ಕೆಟ್ಟದ್ದಲ್ಲ, ಸಾರೂ ಚೆನ್ನಾಗಿತ್ತು, ಎರಡೂ ಸೇರಿದಾಗ ಮಾತ್ರ ಬಾಯೆಲ್ಲ ಕಹಿ ಮತ್ತು ಉರಿ.

ಕಾರಣ ಎರಡು. ರೆಡ್ ವೈನ್ ಮಾಡುವಾಗ ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜದ ಜೊತೆಗೇ ಹುದುಗಿಸುತ್ತಾರೆ. ಅದರಿಂದ ಟ್ಯಾನಿನ್ ಇಳಿಯುತ್ತದೆ, ಅಂದರೆ ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ವಾ, ಆ ಒಗರು. ಖಾರದ ಬಾಯಿಗೆ ಒಗರು ಇನ್ನೂ ಒರಟಾಗಿ ತಾಗುತ್ತದೆ. ಎರಡನೆಯದು ಆಲ್ಕೋಹಾಲ್. ಮೆಣಸಿನಕಾಯಿ ನಾಲಿಗೆಯಲ್ಲಿ ಯಾವ ನರಗಳನ್ನು ಕೆಣಕುತ್ತದೋ ಅವನ್ನೇ ಆಲ್ಕೋಹಾಲ್ ಕೂಡ ಕೆಣಕುತ್ತದೆ. ಹಾಗಾಗಿ ಖಾರದ ಊಟಕ್ಕೆ ಬಾಟಲಿಯ ಲೇಬಲ್ ಮೇಲೆ 14 ಶೇಕಡಾ ಅಂತ ಕಂಡರೆ ವಾಪಸ್ ಇಡಿ, 12ರ ಆಸುಪಾಸು ಇದ್ದರೆ ತೆಗೆದುಕೊಳ್ಳಿ.

ಖಾರವನ್ನು ಸಮಾಧಾನ ಮಾಡೋದು ಸಿಹಿ ಮತ್ತು ತಂಪು. ಕೋಳಿ ಸಾರಿಗೆ ನಾನು ಈಗ ಇಡೋದು ಚೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್. ನಾಸಿಕ್‌ನ ಸುಲಾ ಕಂಪನಿ ಮಾಡುವ ಚೆನಿನ್‌ನಲ್ಲಿ ಒಂದಿಷ್ಟು ಸಿಹಿ ಉಳಿದಿರುತ್ತದೆ, ಅದೇ ನಮಗೆ ಬೇಕಾದ್ದು. ಅವರ ರೀಸ್ಲಿಂಗ್ ಅನ್ನೋ ವೈಟ್ ಕೂಡ ಆಗುತ್ತದೆ. ಬಣ್ಣ ಇರಲೇಬೇಕು ಅನ್ನುವವರಿಗೆ ಗುಲಾಬಿ ಬಣ್ಣದ ರೋಸೆ ವೈನ್ ಕೊಡಿ, ಸಿಪ್ಪೆಯ ಜೊತೆ ಸ್ವಲ್ಪವೇ ಹೊತ್ತು ಇರುವುದರಿಂದ ಅದರಲ್ಲಿ ಒಗರು ಬಹಳ ಕಡಿಮೆ.

ಅಡುಗೆಯ ಕಡೆಯಿಂದಲೂ ಸ್ವಲ್ಪ ಸಹಾಯ ಮಾಡಬಹುದು. ಮಸಾಲೆಗೆ ಗುಂಟೂರು ಮೆಣಸಿನಕಾಯಿ ಕಡಿಮೆ ಮಾಡಿ ಬ್ಯಾಡಗಿ ಜಾಸ್ತಿ ಹಾಕಿ, ಬಣ್ಣ ಹಾಗೇ ಬರುತ್ತದೆ, ಉರಿ ಇಳಿಯುತ್ತದೆ. ತೆಂಗಿನಕಾಯಿ ಒಂದು ಹಿಡಿ ಹೆಚ್ಚಿಗೆ ರುಬ್ಬಿದರೆ ಅದರ ಜಿಡ್ಡೂ ಖಾರ ತಗ್ಗಿಸುತ್ತದೆ. ಆದರೆ ವೈನ್‌ಗೋಸ್ಕರ ಸಾರನ್ನು ಸಪ್ಪೆ ಮಾಡಬೇಡಿ, ದಯವಿಟ್ಟು. ಊಟ ಮೊದಲು.

ಮುದ್ದೆ ನುಂಗುವಾಗ ವೈನ್ ಬೇಡ. ಬಾಯಿ ತುಂಬ ಸಾರಿರುತ್ತದೆ, ವೈನ್ ಯಾವ ರುಚಿಯೂ ಕೊಡದೆ ಸುಮ್ನೆ ಇಳಿದುಹೋಗುತ್ತದೆ. ಮುದ್ದೆ ಮುಗಿಸಿ ಕೋಳಿ ತುಂಡು ಕೈಗೆ ತೆಗೆದುಕೊಂಡಾಗ ಒಂದು ಗುಟುಕು ಕುಡಿದು ನೋಡಿ.

ಇನ್ನು ಹುಳಿ. ಊಟದ ಹುಳಿ ವೈನ್‌ನ ಹುಳಿಗಿಂತ ಜಾಸ್ತಿಯಾದರೆ ವೈನ್ ನೀರಿನ ಹಾಗೆ ಸಪ್ಪೆ ಅನಿಸುತ್ತದೆ. ನಿಂಬೆ ಹಿಂಡಿದ ಕೋಸಂಬರಿ, ಹುಣಸೆ ಹಾಕಿದ ಮೀನು ಸಾರು, ಬಿಸಿಬೇಳೆ ಬಾತ್, ಇವಕ್ಕೆಲ್ಲ ತಾನೇ ಹುಳಿಯಾಗಿರುವ ಸಾವಿನ್ಯೋಂ ಬ್ಲಾಂಕ್ ಅನ್ನೋ ವೈಟ್ ವೈನ್ ಬೇಕು. ಬಿಸಿಬೇಳೆ ಬಾತ್ ಜೊತೆ ಬೂಂದಿ ಇಟ್ಟರೆ ಇನ್ನೂ ಒಳ್ಳೆಯದು, ಉಪ್ಪು ಮತ್ತು ಎಣ್ಣೆ ಎರಡೂ ಈ ವೈನ್‌ಗೆ ಹಿಡಿಸುತ್ತವೆ. ಅಂಬೊಡೆಯಂಥ ಕರಿದ ತಿಂಡಿಗೆ ಸ್ಪಾರ್ಕ್ಲಿಂಗ್ ವೈನ್, ಅದರ ಗುಳ್ಳೆ ಬಾಯಿಯ ಜಿಡ್ಡನ್ನು ತೊಳೆದುಬಿಡುತ್ತದೆ. ಚಳಿಗಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ವಿಯೊನ್ಯೆ ಅನ್ನೋ ವೈಟ್ ವೈನ್ ಹುಡುಕಿ. ಅದರ ಹೂವಿನ ವಾಸನೆ ಸೊಗಡು ಅವರೆಯ ಘಮದ ಪಕ್ಕದಲ್ಲಿ ಕಳೆದುಹೋಗೋದಿಲ್ಲ. ನನಗೆ ತುಂಬಾ ಇಷ್ಟದ ಜೋಡಿ ಇದು.

ಹಾಗಾದರೆ ರೆಡ್ ಬೇಡವೇ ಬೇಡವಾ? ಬೇಕು, ಖಾರ ಕಡಿಮೆ ಇದ್ದು ಕೊಬ್ಬು ಜಾಸ್ತಿ ಇರುವ ಕಡೆ. ಕೊಬ್ಬು, ಉಪ್ಪು ಎರಡೂ ಒಗರನ್ನು ಮೆತ್ತಗೆ ಮಾಡುತ್ತವೆ. ಪುದೀನ, ಕೊತ್ತಂಬರಿ ರುಬ್ಬಿ ಮಾಡಿದ ಮಟನ್ ಪಲಾವ್‌ಗೆ, ಕಾಚಂಪುಳಿ ಹಾಕಿದ ಪಂದಿ ಕರಿಗೆ ಶಿರಾಜ್ ಅನ್ನೋ ರೆಡ್ ಚೆನ್ನಾಗಿರುತ್ತದೆ, ಶಿರಾಜ್‌ನಲ್ಲೇ ಸ್ವಲ್ಪ ಕರಿಮೆಣಸಿನ ಛಾಯೆ ಇರುತ್ತದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನವರ ಲಾ ರಿಸರ್ವ್ ಅನ್ನೋ ರೆಡ್, ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ್ದು, ಮಟನ್‌ಗೆ ಧೈರ್ಯವಾಗಿ ಇಡಬಹುದು. ಟೊಮ್ಯಾಟೊ ಜಾಸ್ತಿ ಇರುವ ಅಡುಗೆಗೆ ಹುಳಿ ಚೆನ್ನಾಗಿರುವ ಸಾಂಜಿಯೋವೇಸೆ ಅನ್ನೋ ರೆಡ್, ಇದನ್ನು ಮಹಾರಾಷ್ಟ್ರದ ಅಕ್ಲುಜ್‌ನ ಫ್ರಾಟೆಲ್ಲಿ ಮಾಡುತ್ತದೆ.

ಅಂಗಡಿಯಲ್ಲಿ ಬಾಟಲಿ ಎಲ್ಲಿ ನಿಂತಿದೆ ಅಂತ ಗಮನಿಸಿ. ನಮ್ಮಲ್ಲಿ ವೈನ್ ಶಾಪ್ ಅಂತ ಬೋರ್ಡ್ ಇರುವ ಕಡೆ ಹೆಚ್ಚು ಹೋಗೋದು ಬಿಯರ್, ವಿಸ್ಕಿ, ರಮ್. ವೈನ್ ಎಷ್ಟೋ ದಿನ ಷೋಕೇಸಿನ ಬಿಸಿಲಲ್ಲಿ ಇರಬಹುದು. ಒಳಗೆ ತಂಪಾದ ಕಡೆ ಇಟ್ಟದ್ದನ್ನು ಕೇಳಿ, ವೈಟ್ ಆದರೆ ಲೇಬಲ್ ಮೇಲೆ ತೀರ ಇತ್ತೀಚಿನ ವರ್ಷ ಇರುವುದನ್ನೇ ಆರಿಸಿ.

ಇಷ್ಟೆಲ್ಲ ಸರಿಯಾಗಿ ಆರಿಸಿ ಕೊನೆಗೆ ಬಿಸಿಯಾಗಿ ಕೊಟ್ಟರೆ ಎಲ್ಲ ವ್ಯರ್ಥ. ರೆಡ್ ವೈನನ್ನು ರೂಂ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅನ್ನುತ್ತಾರೆ, ಆದರೆ ಆ ಮಾತು ಬಂದದ್ದು ಯುರೋಪಿನ ಚಳಿ ಮನೆಗಳಿಂದ, ಅಲ್ಲಿ ರೂಂ ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನ ಹಾಲ್ ಸುಲಭವಾಗಿ 28 ದಾಟುತ್ತದೆ, ಆ ಬಿಸಿಗೆ ವೈನ್‌ನಿಂದ ಬರಿ ಆಲ್ಕೋಹಾಲ್ ವಾಸನೆ ಎದ್ದು ಬರುತ್ತದೆ. ರೆಡ್ ಬಾಟಲಿಯನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ವೈಟ್, ರೋಸೆ ಎರಡು ಮೂರು ಗಂಟೆ. ಮರೆತುಬಿಟ್ಟಿರಾ, ಸ್ನೇಹಿತರು ಗೇಟ್ ಹತ್ತಿರ ಬಂದಾಯ್ತಾ? ಬಕೆಟ್‌ಗೆ ಐಸ್, ಐಸ್ ಮುಳುಗುವಷ್ಟು ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ. ಬರೀ ಐಸ್ ಆದರೆ ನಡುವೆ ಗಾಳಿ ಉಳಿಯುತ್ತದೆ, ನೀರು ಇದ್ದರೆ ಬಾಟಲಿಗೆ ಸುತ್ತಲೂ ತಾಗುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ಇಪ್ಪತ್ತು ನಿಮಿಷ ಸಾಕು.

ಒಂದು ಬಾಟಲಿ 750 ಎಂಎಲ್, ಐದು ಗ್ಲಾಸ್ ಬರುತ್ತದೆ. ಆರು ಜನಕ್ಕೆ ಮೂರು ಬಾಟಲಿ ಧಾರಾಳ: ಒಂದು ಸ್ಪಾರ್ಕ್ಲಿಂಗ್, ಎರಡು ಚೆನಿನ್. ಕುಡಿಯದವರಿಗೆ ಅಷ್ಟೇ ಕಾಳಜಿಯಿಂದ ಬೆಲ್ಲದ ಪಾನಕ ಮಾಡಿಡಿ, ಕುಡಿದವರನ್ನು ಕ್ಯಾಬ್ ಹತ್ತಿಸಿ ಕಳಿಸಿ.

ಹೋಳಿಗೆ ಬಡಿಸುವ ಹೊತ್ತಿಗೆ ವೈನ್ ಗ್ಲಾಸ್ ತೆಗೆದುಬಿಡಿ. ಸಿಹಿಯ ಜೊತೆ ಕುಡಿಯೋ ವೈನ್ ಆ ಸಿಹಿಗಿಂತ ಸಿಹಿಯಾಗಿರಬೇಕು, ಇಲ್ಲದಿದ್ದರೆ ಹುಳಿ ಹುಳಿ ಅನಿಸುತ್ತದೆ, ಹೂರಣದ ಬೆಲ್ಲವನ್ನು ಮೀರಿಸುವ ವೈನ್ ನನಗಂತೂ ಸಿಕ್ಕಿಲ್ಲ. ಹೋಳಿಗೆಗೆ ತುಪ್ಪ ಹಾಕಿ, ಆಮೇಲೆ ಎಲ್ಲರಿಗೂ ಫಿಲ್ಟರ್ ಕಾಫಿ ಕೊಡಿ. ಬಾಟಲಿಯಲ್ಲಿ ವೈನ್ ಉಳಿದಿದ್ದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಚೆನಿನ್ ಎರಡು ದಿನ ಚೆನ್ನಾಗಿರುತ್ತದೆ, ಭಾನುವಾರದ ಉಳಿದ ಸಾರಿಗೂ ಆಗುತ್ತದೆ.