ಮೊದಲು ಚೌಕ, ಆಮೇಲೆ ರಂಗಮಂದಿರ

ಆ ಹಳೆಯ ರಂಗಮಂದಿರದ ಕೆಲಸಕ್ಕೆ ನಾನು ಸೇರಿದಾಗ ಅದಕ್ಕೆ ಬೀಗ ಬಿದ್ದು ವರ್ಷಗಳಾಗಿದ್ದವು. ಮುಂದಿನ ಚೌಕದ ತುಂಬ ಕಾರುಗಳು. ಸುತ್ತಲಿನ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕಟ್ಟಡದಿಂದಲೇ ಶುರು ಮಾಡೋಣ ಎಂದು ಎಲ್ಲರೂ ಹೇಳಿದರು. ನನಗೂ ಅದೇ ಸರಿ ಅನ್ನಿಸಿತ್ತು. ಆದರೆ ಅಂದಾಜು ಪಟ್ಟಿ ಬಂದಾಗ ನೋಡಿದರೆ, ಕೈಯಲ್ಲಿದ್ದ ಹಣ ಚಾವಣಿಗೂ ಸಾಲುತ್ತಿರಲಿಲ್ಲ. ಹಾಗಾಗಿ ಬಾಗಿಲ ಹೊರಗೆ ಏನು ಮಾಡಬಹುದು ಎಂದು ಯೋಚಿಸತೊಡಗಿದೆವು.

ಒಂದು ವಾರ ನಾನು ಚೌಕದಲ್ಲಿ ಸುಮ್ನೆ ನಿಂತೆ. ಯಾರು ಯಾವ ಕಡೆಯಿಂದ ಬರುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ, ನೆರಳು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ಬರೆದುಕೊಂಡೆ. ಇದನ್ನು ಕಲಿತದ್ದು ನಗರದ ಜಾಗಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ವೈಟ್ ಅವರ ಕೆಲಸದಿಂದ. 1970ರ ದಶಕದಲ್ಲಿ ಅವರು ನ್ಯೂಯಾರ್ಕ್‌ನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದರು. ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ ಎಂಬುದು ಅವರು ಕಂಡುಕೊಂಡ ಸರಳ ಸತ್ಯ. ಬಿಡಿ ಕುರ್ಚಿ ಸಿಕ್ಕರೆ ಅದನ್ನು ಸ್ವಲ್ಪವಾದರೂ ಸರಿಸಿಯೇ ಕೂರುತ್ತಾರಂತೆ. ನಮ್ಮ ಚೌಕದಲ್ಲೂ ನಾನು ಅದನ್ನೇ ಕಂಡೆ! ಅದೇ ಊರಿನ ಬ್ರಯಂಟ್ ಪಾರ್ಕ್‌ಗೆ ಹೋಗಲು ಒಂದು ಕಾಲದಲ್ಲಿ ಜನ ಹೆದರುತ್ತಿದ್ದರು. 1992ರಲ್ಲಿ ಅದು ಪೂರ್ತಿಯಾಗಿ ಮತ್ತೆ ತೆರೆದಾಗ, ಒಳಗೆ ಹೋಗುವ ದಾರಿಗಳನ್ನು ಸುಲಭ ಮಾಡಿ ಬಿಡಿ ಕುರ್ಚಿಗಳನ್ನು ಹಾಕಿದ್ದರು.

ಕಾರು ತೆಗೆಸುವುದೇ ಕಷ್ಟದ ಕೆಲಸವಾಯಿತು. ಗಿರಾಕಿ ತಪ್ಪುತ್ತಾರೆ ಎಂದು ಅಂಗಡಿಯವರು ಬೇಸರಪಟ್ಟರು. ಅವರ ಭಯ ಸುಳ್ಳಲ್ಲ, ಅದು ಅವರ ಹೊಟ್ಟೆಪಾಡು. 1962ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನ ಸ್ಟ್ರೊಯೆಟ್ ಬೀದಿಯಲ್ಲಿ ವಾಹನ ಸಂಚಾರ ನಿಲ್ಲಿಸಿದಾಗಲೂ ವ್ಯಾಪಾರಿಗಳು ವಿರೋಧಿಸಿದ್ದರು. ಅಲ್ಲಿ ಮೊದಲು ಪ್ರಯೋಗ ಅಂತಲೇ ಮಾಡಿದ್ದು. ನಾವೂ ಹಗ್ಗ ಕಟ್ಟಿ, ಬಾಡಿಗೆ ಕುರ್ಚಿ ತಂದು, ಒಂದು ತಿಂಗಳು ಮಾತ್ರ ಎಂದೆವು. ಸಂಜೆ ಮೆಟ್ಟಿಲ ಮೇಲೆ ದೀಪ ಹಾಕಿದೆವು. ಅಲ್ಲೇ ತಾಲೀಮು ಮಾಡಿ ಎಂದು ಹವ್ಯಾಸಿ ತಂಡವೊಂದನ್ನು ಕೇಳಿಕೊಂಡೆವು. ತಿಂಗಳು ಮುಗಿದ ಮೇಲೆ ಹಗ್ಗ ಬಿಚ್ಚಬೇಡಿ ಎಂದು ಅಂಗಡಿಯವರೇ ಬಂದು ಹೇಳಿದರು. ಆ ದಿನವನ್ನು ನಾನು ಮರೆಯಲಾರೆ. ಕಟ್ಟಡಕ್ಕೆ ಹಣ ಕೇಳುವ ಧೈರ್ಯ ಬಂದದ್ದೂ ಆಮೇಲೆಯೇ.

ಒಳಗಿನ ಕೆಲಸದಲ್ಲಿ ಜಾಸ್ತಿ ಸಮಯ ತಿಂದದ್ದು ಗೋಡೆ. ಅದು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಯಾವಾಗಲೋ ದುರಸ್ತಿ ಮಾಡಿದವರು ಮೇಲೆ ಸಿಮೆಂಟ್ ಬಳಿದಿದ್ದರು. ಹಳೆಯ ಗೋಡೆ ನೆಲದಿಂದ ತೇವ ಹೀರುತ್ತದೆ, ಸುಣ್ಣದ ಗಿಲಾವಿನ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಗಟ್ಟಿ ಸಿಮೆಂಟ್ ಆ ದಾರಿಯನ್ನು ಮುಚ್ಚಿಬಿಡುತ್ತದೆ. ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಇಟ್ಟಿಗೆಯ ಮೈ ಪುಡಿಯಾಗಿ ಉದುರುತ್ತದೆ. ನಾವು ಕೈಯುಳಿಯಲ್ಲಿ ನಿಧಾನವಾಗಿ ಸಿಮೆಂಟ್ ಕಿತ್ತೆವು. ಯಂತ್ರ ಹಾಕಿದ್ದರೆ ಇಟ್ಟಿಗೆಯೂ ಜೊತೆಗೇ ಬರುತ್ತಿತ್ತು. ಆಮೇಲೆ ಗೋಡೆ ಒಣಗಲು ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟೆವು. ಏನೂ ಕೆಲಸ ಆಗುತ್ತಿಲ್ಲವಲ್ಲ ಎಂದು ಎಲ್ಲರೂ ಕೇಳುತ್ತಿದ್ದರು. ಸುಣ್ಣದ ಗಿಲಾವನ್ನು ತೆಳುವಾಗಿ, ಪದರ ಪದರವಾಗಿ ಹಾಕಬೇಕು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಒದ್ದೆ ಗೋಣಿತಾಟು ಹೊದಿಸಿ ಕಾದೆವು. ಇದು ತಿಳಿದ ಮೇಸ್ತ್ರಿ ಸಿಗದಿದ್ದರೆ ಕೆಲಸ ಶುರು ಮಾಡಲೇಬೇಡಿ.

ಆಸನ, ಬೆಳಕು, ಧ್ವನಿಯ ಕೆಲಸ ಅಷ್ಟು ಕಾಡಲಿಲ್ಲ.

ಪ್ರದರ್ಶನ ಇಲ್ಲದ ದಿನ ಇಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ದೊಡ್ಡದಾಗಿತ್ತು. ವಾರಕ್ಕೆ ಎರಡೇ ದಿನ ತೆರೆಯುವ ಕಟ್ಟಡ ಸುತ್ತಲಿನ ಬೀದಿಗೆ ಜೀವ ತರುವುದಿಲ್ಲ, ಅಲ್ವಾ? ಮೇಲಿನ ಕೋಣೆಗಳನ್ನು ತಾಲೀಮಿಗೆ, ಪಾಠಕ್ಕೆ ಕಡಿಮೆ ಬಾಡಿಗೆಗೆ ಕೊಟ್ಟೆವು. ಮುಂದಿನ ಪಡಸಾಲೆಯನ್ನು ಹಗಲೆಲ್ಲ ತೆರೆದಿಟ್ಟೆವು. ಶೌಚಾಲಯವನ್ನೂ ಎಲ್ಲರಿಗೂ ಬಿಟ್ಟೆವು. ವಯಸ್ಸಾದವರು, ಮಕ್ಕಳನ್ನು ಕರೆತಂದವರು ಚೌಕದಲ್ಲಿ ಹೆಚ್ಚು ಹೊತ್ತು ಕೂರಲು ಅದೂ ಮುಖ್ಯ ಕಾರಣ.

ಈಗ ಮುಚ್ಚಿದ್ದ ಅಂಗಡಿಗಳು ಕೆಲವು ತೆರೆದಿವೆ. ಅದರ ಹಿಂದೆಯೇ ಬಾಡಿಗೆಯೂ ಏರುತ್ತಿದೆ. ಮೆಟ್ಟಿಲ ಮೇಲೆ ತಾಲೀಮು ಮಾಡಿದ ಆ ತಂಡಕ್ಕೆ ಸುತ್ತಮುತ್ತ ಎಲ್ಲೂ ಜಾಗ ಸಿಗದಂತಾಗಬಾರದು. ಅದಕ್ಕೇ ಅವರ ಕೋಣೆಯ ಬಾಡಿಗೆ ಏರದಂತೆ ದೀರ್ಘಾವಧಿಯ ಕರಾರು ಬರೆಸಿದ್ದೇವೆ. ಅಂಗಡಿಗಳಿಗೂ ಅಂಥದ್ದೇ ಕರಾರು ಕೊಡಿ ಎಂದು ಈಗ ಒಬ್ಬೊಬ್ಬ ಮಾಲೀಕರ ಬಳಿಯೂ ಕೂತು ಮಾತಾಡುತ್ತಿದ್ದೇನೆ. ಇಬ್ಬರು ಒಪ್ಪಿದ್ದಾರೆ.