ಘಟ್ಟ ಇಳಿದು ತರಕಾರಿ ಬೆಳೆಯುವುದು ಹೇಗೆ?

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಬಿಟ್ಟು ಕರಾವಳಿಗೆ ಬಂದು ತಮ್ಮ ಊಟದ ತರಕಾರಿ ತಾವೇ ಬೆಳೆದುಕೊಳ್ಳಬೇಕೆನ್ನುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಮೇ ಕೊನೆಗೆ ಬಂದಿಳಿಯುತ್ತಾರೆ. ಒಂದು ಲೋಡ್ ಕೆಂಪು ಮಣ್ಣು, ಒಂದು ಲೋಡ್ ಗೊಬ್ಬರ ತರಿಸುತ್ತಾರೆ. ಘಟ್ಟದ ಮೇಲಿನಿಂದ ತಂದ ಟೊಮೆಟೊ, ದಪ್ಪ ಮೆಣಸಿನ ಸಸಿಗಳನ್ನು ಸಮತಟ್ಟಾದ ಮಡಿಯಲ್ಲಿ ನೆಡುತ್ತಾರೆ. ಜುಲೈ ಹೊತ್ತಿಗೆ ಗೊಬ್ಬರ ಕೊಚ್ಚಿಹೋಗಿ ತೋಡು (ಹಳ್ಳ) ಸೇರಿರುತ್ತದೆ, ಗಿಡ ಕೊಳೆತಿರುತ್ತದೆ.

ಇಲ್ಲಿನ ಹವೆ ಗಿಡಗಳಿಗೆ ಹಿತವೆಂಬುದು ನಿಜ. ಚಳಿಗಾಲದ ರಾತ್ರಿಯಲ್ಲೂ ತಾಪಮಾನ 20 ಡಿಗ್ರಿಯ ಆಸುಪಾಸು, ಬೇಸಿಗೆಯ ಮಧ್ಯಾಹ್ನ 33–35. ವರ್ಷವಿಡೀ ಏನಾದರೂ ಬೆಳೆಯುತ್ತಲೇ ಇರುತ್ತದೆ. ಕಷ್ಟವಿರುವುದು ನೀರಿನಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ಒಂದು ಸಾವಿರ ಮಿ.ಮೀ. ಮಳೆಯಾದರೆ ಉಡುಪಿಯಲ್ಲಿ ನಾಲ್ಕು ಸಾವಿರದ ಹತ್ತಿರ. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮುಗಿಲು ಬರಿದು. ಜಾಗ ಆರಿಸುವುದು, ಏರಿ (ಎತ್ತರಿಸಿದ ಮಡಿ) ಹಾಕುವುದು, ಬೀಜ ಬಿತ್ತುವ ದಿನ, ಎಲ್ಲವನ್ನೂ ಈ ಲೆಕ್ಕಕ್ಕೆ ಹೊಂದಿಸಬೇಕು.

ಜಾಗ

ಮೊದಲ ವರ್ಷ ಬಾಡಿಗೆ ಮನೆಯಲ್ಲಿರಿ. ಜಾಗವನ್ನು ಎರಡು ಸಲ ನೋಡದೆ ಮುಂಗಡ ಕೊಡಬೇಡಿ: ಜುಲೈಯ ಜಡಿಮಳೆಯಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ. ಮಳೆಯಲ್ಲಿ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ದಲ್ಲಾಳಿಗಳು ಜಾಗ ತೋರಿಸಲು ಇಷ್ಟಪಡುವುದು ನವೆಂಬರ್‌ನಲ್ಲಿ. ಆಗ ಎಲ್ಲ ಜಾಗವೂ ಹಸಿರು, ಎಲ್ಲ ಬಾವಿಯೂ ತುಂಬಿರುತ್ತದೆ.

ದಕ್ಷಿಣ ಕನ್ನಡ, ಉಡುಪಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ಬೈಲು ತಗ್ಗಿನದು, ಮಳೆಗಾಲವಿಡೀ ನೀರು ನಿಲ್ಲುತ್ತದೆ. ಬೆಟ್ಟು ಎತ್ತರದ್ದು, ಮಳೆ ನಿಂತ ಕೂಡಲೇ ಒಣಗುತ್ತದೆ. ಮಜಲು ಇವೆರಡರ ನಡುವಿನದು. ಮನೆಬಳಕೆಯ ತರಕಾರಿಗೆ ಮಜಲೇ ಸರಿ. ಮಜಲು ಸಿಗದಿದ್ದರೆ ಬಾವಿಯಿರುವ ಬೆಟ್ಟು ತೆಗೆದುಕೊಳ್ಳಿ. ಬೈಲು ಮಾತ್ರ ಬೇಡ, ಎಷ್ಟೇ ಕಡಿಮೆಗೆ ಸಿಕ್ಕಿದರೂ. ಅಳತೆಯನ್ನು ಇಲ್ಲಿ ಸೆಂಟ್ಸ್‌ನಲ್ಲಿ ಹೇಳುತ್ತಾರೆ: ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ನಾಲ್ಕು ಜನರ ಮನೆಗೆ ಐದು ಸೆಂಟ್ಸ್ ತರಕಾರಿ ಜಾಗ ಧಾರಾಳವಾಯಿತು. ಹೊಸಬರು ಅರ್ಧ ಎಕರೆಗೆ ಕೈಹಾಕಿದರೆ ಕಳೆ ಕೀಳುವುದರಲ್ಲೇ ವರ್ಷ ಮುಗಿಯುತ್ತದೆ.

ಕಾಗದಪತ್ರದಲ್ಲಿ ಒಂದು ಎಚ್ಚರ ಬೇಕು. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ‘ಒಂದು ಎಕರೆ ವರ್ಗ, ಜತೆಗೆ ಎರಡು ಎಕರೆ ಕುಮ್ಕಿ’ ಎಂದು ಹೇಳಿ ಮೂರು ಎಕರೆಯ ಬೆಲೆ ಕೇಳುವವರಿದ್ದಾರೆ. ವರ್ಗವೆಂದರೆ ಪಟ್ಟಾ ಇರುವ ಸ್ವಂತ ಜಾಗ, ಕುಮ್ಕಿ ಅದಕ್ಕೆ ತಾಗಿದ ಸರ್ಕಾರದ ಜಾಗ. ಅಲ್ಲಿ ಸೊಪ್ಪು, ಹುಲ್ಲು ತೆಗೆಯುವ ಸವಲತ್ತು ಇತ್ತೇ ಹೊರತು ಮಾಲೀಕತ್ವ ಇಲ್ಲ. ಪಹಣಿಯಲ್ಲಿ ಮಾರುವವರ ಹೆಸರಿನಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಹಣ ಕೊಡಿ. ಉಳಿದ ದಾಖಲೆಗಳನ್ನು ಅದೇ ತಾಲ್ಲೂಕಿನ ವಕೀಲರಿಗೆ ತೋರಿಸಿದರೆ ಸಾಕು.

ಬಾವಿ

ಕಡಲಿಗೋ ಹೊಳೆಯ ಅಳಿವೆಗೋ ಹತ್ತಿರದ ಜಾಗವಾದರೆ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆಯೇ ಎಂದು ನೋಡಲೇಬೇಕು. ಮಳೆ ನಿಂತು ಹೊಳೆಯ ಹರಿವು ಇಳಿದಾಗ ಭರತದ ನೀರು ಒಳನಾಡಿನವರೆಗೂ ಏರಿಬರುತ್ತದೆ, ದಡದ ಬಾವಿಗಳಿಗೂ ಇಳಿಯುತ್ತದೆ. ನಾಲಿಗೆಯ ರುಚಿಯನ್ನು ನಂಬಬೇಡಿ. ಏಪ್ರಿಲ್ ಕೊನೆಯ ನೀರನ್ನು ಬಾಟಲಿಯಲ್ಲಿ ತುಂಬಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ನೀರಿನ ಉಪ್ಪನ್ನು ತಿಳಿಸುವ ವಿದ್ಯುತ್ ವಾಹಕತೆ (ಇಸಿ) ಮೀಟರಿಗೆ 0.75 ಡೆಸಿಸೀಮೆನ್ಸ್ ಒಳಗಿದ್ದರೆ ಯಾವ ತರಕಾರಿಗೂ ಅಡ್ಡಿಯಿಲ್ಲ. 2 ದಾಟಿದರೆ ಅಲಸಂಡೆ, ಮೆಣಸು ಸೊರಗುತ್ತವೆ. ಅಂಥಲ್ಲಿ ತೆಂಗಷ್ಟೇ ಗಟ್ಟಿ. ಹೊಳೆಗೆ ಕಿಂಡಿ ಅಣೆಕಟ್ಟು ಇದ್ದು, ಅದಕ್ಕೆ ಸಮಯಕ್ಕೆ ಸರಿಯಾಗಿ ಹಲಗೆ ಹಾಕುವ ಊರಾದರೆ ಬಾವಿಯ ನೀರೂ ಹೆಚ್ಚು ದಿನ ಉಳಿಯುತ್ತದೆ. ಅಕ್ಕಪಕ್ಕದವರನ್ನು ಕೇಳಿ ತಿಳಿದುಕೊಳ್ಳಿ.

ಮಣ್ಣಿನ ಹುಳಿ ತೆಗೆಯುವುದು

ಎಲ್ಲರೂ ಹಾರಿಸಿಬಿಡುವ ಹಂತ ಇದು. ತೋಟ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ಮುರಕಲ್ಲಿನ (ಲ್ಯಾಟರೈಟ್) ಮಣ್ಣು ಲಕ್ಷಾಂತರ ವರ್ಷಗಳ ಮಳೆಯಲ್ಲಿ ತೊಳೆದ ಮಣ್ಣು. ಸುಣ್ಣ, ಮೆಗ್ನೀಸಿಯಂ, ಪೊಟ್ಯಾಶ್ ಕೊಚ್ಚಿಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಹೀಗಾಗಿ ಮಣ್ಣಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸು ಇರುವುದೇ ಹೆಚ್ಚು. ಅಷ್ಟು ಹುಳಿಯಿರುವಲ್ಲಿ ಅಲ್ಯೂಮಿನಿಯಂ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ನೀವು ಕೊಟ್ಟ ರಂಜಕವನ್ನು ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತದೆ. ಎಲೆ ಹಳದಿಯಾಯಿತೆಂದು ಗೊಬ್ಬರ ಹೆಚ್ಚಿಸುತ್ತ ಹೋದರೆ ಏನೂ ಸಿಗದು.

ಮಾರ್ಚ್‌ನಲ್ಲಿ ಏಳೆಂಟು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ.ಯಷ್ಟನ್ನು ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಮಣ್ಣಿಗೆ ಚುಚ್ಚಿದರೆ ಮುಳ್ಳು ತಿರುಗಿ ಪಿಎಚ್ ತೋರಿಸುವ ಅಗ್ಗದ ಮೀಟರ್‌ಗಳು ಬರುತ್ತವೆ. ಅವನ್ನು ಕೊಳ್ಳಬೇಡಿ. ಒಣ ಮಣ್ಣಿನಲ್ಲಿ ಒಂದು, ಒದ್ದೆ ಮಣ್ಣಿನಲ್ಲಿ ಇನ್ನೊಂದು ಸಂಖ್ಯೆ ತೋರಿಸುತ್ತವೆ.

ಪಿಎಚ್ 5–5.5 ಇದ್ದರೆ ಚದರ ಮೀಟರಿಗೆ 200 ಗ್ರಾಂ ಡಾಲೊಮೈಟ್ ಅಥವಾ ಕೃಷಿ ಸುಣ್ಣ ಹಾಕಿ. ಸೆಂಟ್ಸಿಗೆ ಸುಮಾರು 8 ಕೆ.ಜಿ. ಆಯಿತು. ನೀರು ಹಾಕಿ ಅರಳಿಸಿದ ಚಿಪ್ಪು ಸುಣ್ಣವಾದರೆ 6 ಕೆ.ಜಿ. ಸಾಕು, ಅದು ಖಾರ. ಇವುಗಳಲ್ಲಿ ಡಾಲೊಮೈಟ್ ಮೇಲು, ಏಕೆಂದರೆ ಅದರ ಜತೆ ಮೆಗ್ನೀಸಿಯಮ್ಮೂ ಸಿಗುತ್ತದೆ. ಅರಳಿಸದ ಸುಟ್ಟ ಸುಣ್ಣವನ್ನು ಬರಿಗೈಯಲ್ಲಿ ಮುಟ್ಟಲೂ ಬೇಡಿ.

ಹಾಕುವ ಹೊತ್ತು ಮುಖ್ಯ. ಒಣ ಮಣ್ಣಿನಲ್ಲಿ ಸುಣ್ಣ ಕೆಲಸ ಮಾಡದು, ಜೂನ್ ಮಳೆಯಲ್ಲಿ ಹಾಕಿದರೆ ಕೊಚ್ಚಿಹೋಗುತ್ತದೆ. ಏಪ್ರಿಲ್–ಮೇ ತಿಂಗಳ ಮೊದಲ ಗುಡುಗು ಮಳೆ ಬಿದ್ದ ಮರುದಿನ ಅರ್ಧ ಪಾಲು ಎರಚಿ, ಅರ್ಧ ಅಡಿ ಆಳಕ್ಕೆ ಕೊಚ್ಚಿ ಬೆರೆಸಿ. ಇನ್ನರ್ಧ ಸೆಪ್ಟೆಂಬರ್ ಕೊನೆಗೆ. ಹಟ್ಟಿಗೊಬ್ಬರಕ್ಕೂ ಸುಣ್ಣಕ್ಕೂ ನಡುವೆ ಎರಡು–ಮೂರು ವಾರ ಬಿಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಆ ಘಾಟು ಮೂಗಿಗೇ ತಿಳಿಯುತ್ತದೆ. ಶಿಲಾರಂಜಕವನ್ನೂ (ರಾಕ್ ಫಾಸ್ಫೇಟ್) ಸುಣ್ಣ ಹಾಕಿದ ಏರಿಗೆ ಕೊಡಬೇಡಿ. ಅದು ಕರಗಲು ಹುಳಿಯೇ ಬೇಕು. ತೆಂಗು, ಹಲಸಿನ ಗುಂಡಿಗೆ ಅದನ್ನು ಮೀಸಲಿಡಿ. ‘ಸ್ವಲ್ಪ ಹೆಚ್ಚೇ ಇರಲಿ’ ಎಂದು ಇಮ್ಮಡಿ ಸುಣ್ಣ ಸುರಿದರೆ ಸತು, ಬೋರಾನ್ ಗಿಡಕ್ಕೆ ಸಿಗದಂತಾಗುತ್ತವೆ.

ಇನ್ನು ಲೋಡ್‌ಗಟ್ಟಲೆ ಬರುವ ಕೆಂಪು ಮಣ್ಣು: ಬಹುತೇಕ ಗುಡ್ಡ ಕಡಿದು ತಂದ ಅಡಿಮಣ್ಣು. ಅದರಲ್ಲಿ ಜೀವವಿಲ್ಲ, ಹುಳಿಯೂ ಹೆಚ್ಚು. ಆ ಹಣಕ್ಕೆ ತರಗೆಲೆ, ಸೊಪ್ಪು ತರಿಸಿ ಸುಡುಮಣ್ಣು ಮಾಡಿ. ಫೆಬ್ರವರಿ–ಮಾರ್ಚ್‌ನಲ್ಲಿ ಒಣ ತರಗೆಲೆ, ಕಡ್ಡಿ, ಮಣ್ಣಿನ ಹೆಂಟೆಗಳನ್ನು ಪದರ ಪದರವಾಗಿ ಮೂರಡಿ ಎತ್ತರಕ್ಕೆ ಪೇರಿಸಿ, ಮೇಲೆ ಮಣ್ಣು ಮುಚ್ಚಿ, ಗಾಳಿ ಬರುವ ಬದಿಯಿಂದ ಬೆಂಕಿ ಕೊಡಬೇಕು. ಜ್ವಾಲೆ ಏಳಬಾರದು. ಎದ್ದಲ್ಲಿ ಮಣ್ಣು ಹಾಕಿ ಹೊಗೆಯಾಡುವಂತೆ ಮಾಡಿ. ಎರಡು ಮೂರು ದಿನದಲ್ಲಿ ಬೆಂದು ಆರುತ್ತದೆ. ಪೊಟ್ಯಾಶ್ ಸಿಗುತ್ತದೆ, ಕಳೆಬೀಜ ಸಾಯುತ್ತದೆ. ಬಸಳೆ, ಹರಿವೆ, ಗೆಡ್ಡೆಗಳಿಗೆ ಇದಕ್ಕೆ ಮಿಗಿಲಾದದ್ದು ಅಂಗಡಿಯಲ್ಲಿ ಸಿಗದು.

ಮೊದಲ ಬಿತ್ತನೆ ಅಕ್ಟೋಬರ್‌ನಲ್ಲಿ

ಹೊಸಬರು ಮಳೆಗಾಲದಲ್ಲಿ ಶುರು ಮಾಡಬಾರದು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನಡುವಿನಿಂದ ಹರಿವೆ, ಅಲಸಂಡೆ, ಬೆಂಡೆ, ಬದನೆ, ಮೆಣಸು. ನವೆಂಬರ್–ಡಿಸೆಂಬರ್‌ನಲ್ಲಿ ಸಾಂಬಾರ್ ಸೌತೆ, ಕುಂಬಳ, ಕಲ್ಲಂಗಡಿ. ಬಸಳೆಯ ದಂಟನ್ನು ಗೇಣುದ್ದ ಕತ್ತರಿಸಿ ನೆಟ್ಟು ಚಪ್ಪರ ಹಾಕಿದರೆ ಬೇಸಿಗೆಯುದ್ದಕ್ಕೂ ಸಾಕು. ಎಲೆಕೋಸು ಬೇಕೇಬೇಕೆಂದರೆ ಡಿಸೆಂಬರ್–ಜನವರಿಯಲ್ಲಿ ಗಡ್ಡೆ ಕಟ್ಟುವಂತೆ, ಉಷ್ಣ ತಡೆಯುವ ತಳಿಯನ್ನು ಹಾಕಿ. ಕ್ಯಾರೆಟ್, ಬಟಾಣಿ, ಆಲೂಗಡ್ಡೆಯ ಆಸೆ ಬಿಡಿ. ಅವನ್ನು ಅಂಗಡಿಯಿಂದ ತಂದುಕೊಂಡು ಆ ಜಾಗದಲ್ಲಿ ತೊಂಡೆ ಬೆಳೆಸಿ.

ಮಳೆಗಾಲದ ಏರಿ

ಎರಡನೇ ವರ್ಷ ಮಳೆಗಾಲದ ತರಕಾರಿಗೆ ಕೈಹಾಕಿ. ಹೀರೆ, ಹಾಗಲ, ಪಡುವಲ, ಮುಳ್ಳುಸೌತೆ, ಬೆಂಡೆ ಇಲ್ಲಿನ ಮಳೆಯನ್ನು ತಾಳುತ್ತವೆ, ಬುಡದಲ್ಲಿ ನೀರು ನಿಲ್ಲುವುದನ್ನು ತಾಳವು. ಏರಿಯ ಎತ್ತರ 40 ಸೆಂ.ಮೀ.ಗೆ ಕಡಿಮೆಯಾಗಬಾರದು. ಮಳೆ ಹೊಡೆದು ಆಗಸ್ಟ್ ಹೊತ್ತಿಗೆ ಅದು ಅರ್ಧಕ್ಕಿಳಿಯುತ್ತದೆ. ತಲೆಯ ಅಗಲ ಎರಡಡಿ, ಎರಡು ಏರಿಗಳ ನಡುವೆ ಒಂದೂವರೆ ಅಡಿಯ ಕಣಿ (ನೀರು ಹರಿಯುವ ಕಾಲುವೆ). ಕಣಿಯನ್ನು ಇಳಿಜಾರಿಗೆ ನೇರವಾಗಿ ತೆಗೆದರೆ ಮಣ್ಣೆಲ್ಲ ಒಂದೇ ವಾರದಲ್ಲಿ ಕೆಳಗಿನ ಗದ್ದೆಗೆ ಹೋಗುತ್ತದೆ. ಇಳಿಜಾರಿಗೆ ಅಡ್ಡವಾಗಿ, ನೂರು ಅಡಿಗೆ ಒಂದಡಿಯಷ್ಟೇ ತಗ್ಗು ಕೊಟ್ಟು, ಕೊನೆಯಲ್ಲಿ ದೊಡ್ಡ ಕಣಿಗೆ ಸೇರಿಸಿ. ಆ ಜಾಗದಲ್ಲಿ ಎರಡಡಿ ಗುಂಡಿ ತೋಡಿದ್ದರೆ ಕೊಚ್ಚಿಬಂದ ಮಣ್ಣು ಅಲ್ಲಿ ಕೂರುತ್ತದೆ, ಮತ್ತೆ ಏರಿಗೆ ಎತ್ತಿ ಹಾಕಬಹುದು.

ಬೀಜ ಮೇ ನಡುವಿಗೇ ಬೀಳಬೇಕು, ಕೊಡದಲ್ಲಿ ನೀರು ಹೊತ್ತು ಹಾಕುವಂತಾದರೂ ಸರಿ. ಮುಂಗಾರು ಜೂನ್ ಮೊದಲ ವಾರ ಬರುವ ಹೊತ್ತಿಗೆ ಗಿಡಕ್ಕೆ ಐದಾರು ಎಲೆ ಇರಬೇಕು. ಎರಡೆಲೆಯ ಸಸಿಯ ಮೇಲೆ ಜಡಿಮಳೆ ಬಿದ್ದರೆ ಅದು ಏಳುವುದಿಲ್ಲ. ಬುಡಕ್ಕೆ ಹಸಿ ಸೊಪ್ಪು ದಪ್ಪಗೆ ಹೊದಿಸಿ. ಹನಿ ಹೊಡೆದು ಮಣ್ಣು ಎಲೆಗೆ ಸಿಡಿಯದಿದ್ದರೆ ಅರ್ಧ ರೋಗ ಕಡಿಮೆ. ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಬೇಡ, ಬುಡ ಬೆವರಿ ಕೊಳೆಯುತ್ತದೆ. ಗೊಬ್ಬರವನ್ನು ಒಮ್ಮೆಗೇ ಸುರಿಯದೆ, ಗಿಡಕ್ಕೆ ಎರಡು ಹಿಡಿಯಂತೆ ಹದಿನೈದು ದಿನಕ್ಕೊಮ್ಮೆ, ಮಳೆ ಬಿಡುವು ಕೊಟ್ಟ ದಿನ ಕೊಡಿ. ಚಪ್ಪರ ಆರಡಿ ಎತ್ತರವಿರಲಿ, ಕಂಬ ಅಡಿಕೆ ಮರದ್ದಾಗಲಿ. ಕಡಲ ಗಾಳಿಗೆ ತೆಳು ಕಬ್ಬಿಣದ ತಂತಿ ತುಕ್ಕು ಹಿಡಿದು ತುಂಡಾಗುತ್ತದೆ. ನೈಲಾನ್ ಹಗ್ಗ ಕಟ್ಟಿ.

ಸೊರಗು ರೋಗ

ಮಧ್ಯಾಹ್ನ ಹಸಿರಾಗಿಯೇ ಬಾಡಿ, ಮೂರ್ನಾಲ್ಕು ದಿನದಲ್ಲಿ ಸಾಯುವ ಬದನೆ, ಟೊಮೆಟೊ ಗಿಡಗಳನ್ನು ಹೊಸಬರು ನೀರಿನ ಕೊರತೆಯೆಂದು ತಿಳಿದು ಇನ್ನಷ್ಟು ನೀರು ಹಾಕುತ್ತಾರೆ. ಬುಡದ ದಂಟನ್ನು ಎರಡಿಂಚು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹುಳಿ ಮಣ್ಣು, ತೇವ, ಸೆಕೆ ಅದಕ್ಕೆ ಇಷ್ಟ. ಸಿಂಪಡಣೆಯ ಔಷಧಿಗಳಿಂದ ವಾಸಿಯಾಗುವುದಿಲ್ಲ. ಬೇರು ಸಮೇತ ಕಿತ್ತು ಸುಡಿ, ಗುದ್ದಲಿ ತೊಳೆಯಿರಿ, ಆ ಏರಿಯಲ್ಲಿ ಎರಡು–ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಬೇಡ. ಶುಂಠಿಯೂ ಬೇಡ. ಟೊಮೆಟೊದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಬದನೆಯಲ್ಲಿ ಅದೇ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್ ಈ ರೋಗ ತಡೆಯುತ್ತವೆ. ಉಡುಪಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳವೇ ಬೇಕೆಂದರೆ ಕಾಡುಸುಂಡೆಯ ಬುಡಕ್ಕೆ ಕಸಿ ಕಟ್ಟಿದ ಸಸಿ ನೆಡುವುದು ಒಳ್ಳೆಯದು.

ಹೀರೆ, ಹಾಗಲಕ್ಕೆ ಹಣ್ಣುನೊಣ ತಪ್ಪದು. ಹೂ ಬಿಡುವಾಗಲೇ ಗಂಡು ನೊಣಗಳನ್ನು ವಾಸನೆಯಿಂದ ಸೆಳೆಯುವ ಕ್ಯೂಲೂರ್ ಬಲೆ ಕಟ್ಟಿ. ಮಾವಿಗೆ ಹಾಕುವ ಬಲೆ ಬೇರೆಯದು, ಅದು ಇಲ್ಲಿ ಉಪಯೋಗವಿಲ್ಲ. ಬಿದ್ದ ಕಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ಗೊಬ್ಬರಗುಂಡಿಗೆ ಹಾಕಿದರೆ ನೊಣವನ್ನು ಸಾಕಿದಂತೆ. ಮಂಗ, ನವಿಲಿನ ಕಾಟವಿರುವ ಊರಾದರೆ ಮೇಲೂ ಸುತ್ತಲೂ ಬಲೆ ಹೊದಿಸುವ ಖರ್ಚನ್ನು ಮೊದಲೇ ಲೆಕ್ಕದಲ್ಲಿಡಿ.

ಬೀಜವನ್ನು ನೆರೆಮನೆಯವರಲ್ಲಿ ಕೇಳಿ ಪಡೆಯಿರಿ. ಇಲ್ಲಿನ ಬಿಳಿ ಬೆಂಡೆ, ಉದ್ದ ಅಲಸಂಡೆ ಈ ಮಳೆಗೆ ಒಗ್ಗಿದವು. ನಿಮ್ಮ ತೋಟದ ಬೀಜವನ್ನು ಫೆಬ್ರವರಿ–ಮಾರ್ಚ್‌ನಲ್ಲೇ ಒಣಗಿಸಿ, ಬೂದಿ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಡಿ, ಜುಲೈ ಹಸಿಗೆ ಸಿಕ್ಕ ಬೀಜ ಮೊಳೆಯದು. ಮಾರ್ಚ್–ಏಪ್ರಿಲ್‌ನಲ್ಲಿ ಬಲಿತ ಸಾಂಬಾರ್ ಸೌತೆಯನ್ನು ಗಾಯವಾಗದಂತೆ ತೊಟ್ಟು ಸಮೇತ ಕೊಯ್ದು, ಒಂದಕ್ಕೊಂದು ತಾಗದಂತೆ ಬಾಳೆನಾರಿನಲ್ಲಿ ಕಟ್ಟಿ, ಒಲೆಯಿರುವ ಕೋಣೆಯ ಮಾಡಿಗೆ ತೂಗುಹಾಕಿದರೆ ಆಟಿ ತಿಂಗಳವರೆಗೂ (ಜುಲೈ–ಆಗಸ್ಟ್) ಸಾಂಬಾರಿಗೆ ತರಕಾರಿ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ತಳಭಾಗ ಒತ್ತಿ ನೋಡಿ, ಮೆತ್ತಗಾದದ್ದನ್ನು ಅಂದೇ ಅಡುಗೆಗೆ ಬಳಸಿ.