ಮಗನ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿದರೆ: ಮೊದಲ ಮೂರು ವಾರ ನಿಭಾಯಿಸುವುದು ಹೇಗೆ?

ಬ್ಯಾಗಿನ ಒಳಜೇಬಿನಲ್ಲಿ ಬೆರಳುದ್ದದ ಜಿಪ್ ಕವರ್. ಒಳಗೆ ಒಣಗಿ ಮುದುರಿದ ಹಸಿರು-ಕಂದು ಹೂಗೊಂಚಲು, ಹಿಡಿದರೆ ಬೆರಳಿಗೆ ತುಸು ಅಂಟು, ಮೂಗಿಗೆ ಘಾಟು. ಜೊತೆಗೆ ಸುತ್ತುವ ತೆಳು ಪೇಪರು, ಕಣ್ಣಿನ ಡ್ರಾಪ್ಸ್, ಅಂಚಿನಲ್ಲಿ ಒಂದಂಗುಲ ಹರಿದ ವಿಸಿಟಿಂಗ್ ಕಾರ್ಡು. ಕಾರ್ಡು ಹರಿದಿರುವುದು ಸುರುಳಿ ಸುತ್ತಿ ಫಿಲ್ಟರ್ ಮಾಡಿಕೊಳ್ಳಲು, ಡ್ರಾಪ್ಸ್ ಇರುವುದು ಕೆಂಪು ಕಣ್ಣು ಮರೆಮಾಚಲು. ಇಷ್ಟೆಲ್ಲ ಒಟ್ಟಿಗೆ ಸಿಕ್ಕಿದ ಮೇಲೆ ‘ಫ್ರೆಂಡ್‌ದು, ಇಟ್ಕೋ ಅಂದಿದ್ದ’ ಎಂಬ ಉತ್ತರದ ಮೇಲೆ ವಾದಕ್ಕೆ ಇಳಿಯಬೇಡಿ.

ಬರೀ ಕೆಂಪು ಕಣ್ಣು, ಅಪರಾತ್ರಿಯ ಹಸಿವು, ಬಾಗಿಲು ಹಾಕಿಕೊಂಡು ಕೂರುವುದು ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ. ನಿದ್ದೆಗೆಟ್ಟವರಲ್ಲೂ ಖಿನ್ನತೆ ಇದ್ದವರಲ್ಲೂ ಇವು ಕಾಣುತ್ತವೆ. ಹಳೆಯ ಗೆಳೆಯರು ದೂರವಾಗುವುದು, ಇಷ್ಟದ ಆಟ ಬಿಡುವುದು, ಅಂಕ ಕುಸಿಯುವುದು, ದುಡ್ಡಿನ ಲೆಕ್ಕ ತಪ್ಪುವುದು ಕೆಲವು ವಾರ ಒಟ್ಟೊಟ್ಟಿಗೆ ಕಂಡರೆ ಅನುಮಾನಕ್ಕೆ ಅರ್ಥವಿದೆ.

ಅಂದೇ ರಾತ್ರಿ ಮಾಡಬಾರದ್ದು

ಪೊಟ್ಟಣವನ್ನು ‘ಸಾಕ್ಷಿ’ ಎಂದು ಬೀರುವಿನಲ್ಲಿ ಎತ್ತಿಡಬೇಡಿ. ಮನೆಯಲ್ಲಿ ಇರುವಷ್ಟು ಹೊತ್ತೂ ಕಾನೂನಿನ ಕಣ್ಣಲ್ಲಿ ಅದು ನಿಮ್ಮ ವಶದಲ್ಲಿರುವ ಮಾಲು. ಶೌಚಾಲಯಕ್ಕೆ ಸುರಿದು ನೀರು ಬಿಡಿ. ನಶೆಯಲ್ಲಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಿದರೆ ಬೆಳಿಗ್ಗೆ ಅವನಿಗೆ ನೆನಪಿರುವುದು ಏಟು ಮಾತ್ರ. ಊಟ ಹಾಕಿ ಮಲಗಿಸಿ. ಗಾಡಿ ಕೀ ಮಾತ್ರ ಕೇಳದೆ ತೆಗೆದಿಟ್ಟುಕೊಳ್ಳಿ.

ಮಾತು ಮರುದಿನ, ಅವನ ತಲೆ ತಿಳಿಯಾಗಿದ್ದಾಗ ಆಗಲಿ. ಅದಕ್ಕೆ ಮೊದಲು ಅಪ್ಪ-ಅಮ್ಮ ಇಬ್ಬರೂ ಒಂದು ಮಾತಿಗೆ ಬಂದಿರಬೇಕು. ಒಬ್ಬರು ಬೈದು ಇನ್ನೊಬ್ಬರು ಗುಟ್ಟಾಗಿ ದುಡ್ಡು ಕೊಡುವ ಮನೆಯಲ್ಲಿ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ. ‘ಯಾಕೋ ಹೀಗ್ ಮಾಡ್ದೆ?’ ಎಂದರೆ ಬರುವುದು ಮೌನ ಅಥವಾ ಸುಳ್ಳು. ಉತ್ತರ ಕೊಡಲು ಆಗುವಂಥದ್ದನ್ನೇ ಕೇಳಿ: ಎಷ್ಟು ತಿಂಗಳಿಂದ? ವಾರಕ್ಕೆ ಎಷ್ಟು ಸಲ? ಒಬ್ಬನೇ ಇದ್ದಾಗಲೂ ಸೇದ್ತೀಯಾ? ಸೇದಿ ಗಾಡಿ ಓಡಿಸಿದ್ಯಾ? ಬಿಡೋಕೆ ನೋಡಿದ್ಯಾ, ಆಗ ಏನಾಯ್ತು? ತಂಬಾಕು ಬೆರೆಸ್ತೀರಾ? ಕೊನೆಯದನ್ನು ಬಿಡಬೇಡಿ. ನಮ್ಮಲ್ಲಿ ಸಿಗರೇಟಿನ ಪುಡಿ ಬೆರೆಸಿ ಸುತ್ತುವವರು ಬಹಳ, ಹಾಗಾಗಿ ನಿಕೋಟಿನ್ ಚಟವೂ ಜೊತೆಗೇ ಬಂದಿರುತ್ತದೆ. ಗಾಂಜಾ ಬಿಟ್ಟ ಹುಡುಗ ಬರೀ ಸಿಗರೇಟಿನಿಂದಲೇ ಹಳೆಯ ಜಾಗಕ್ಕೆ ಮರಳಬಹುದು. ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ವೈದ್ಯರು ಕೇಳುವುದೂ ಇದನ್ನೇ.

‘ಗಿಡದಿಂದ ಬಂದಿದ್ದು, ಶಿವನೇ ಸೇದ್ತಾನೆ, ಕೆನಡಾದಲ್ಲಿ ಲೀಗಲ್’ ಎಂಬ ವಾದ ಬಂದೇ ಬರುತ್ತದೆ. ಶಿವನ ವಿಚಾರ ಬಿಡಿ. 2018ರಲ್ಲಿ ಅನುಮತಿ ಕೊಟ್ಟ ಕೆನಡಾದಲ್ಲೂ 18 ತುಂಬದವರಿಗೆ ಮಾರುವಂತಿಲ್ಲ, ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ವಯಸ್ಸಿನ ಮಿತಿ 21. ಕಾರಣ ಸರಳ. ಯೋಚಿಸಿ ನಿರ್ಧರಿಸುವ, ಆಸೆಗೆ ತಡೆ ಹಾಕುವ ಮಿದುಳಿನ ಮುಂಭಾಗ ಬಲಿಯಲು ಸುಮಾರು 25 ವರ್ಷ ಬೇಕು. ಗಾಂಜಾದಲ್ಲಿ ನಶೆ ತರುವ ಅಂಶವಾದ ಟಿಎಚ್‌ಸಿ ಆ ಬೆಳವಣಿಗೆಯ ನಡುವೆಯೇ ಕೈ ಹಾಕುತ್ತದೆ. ಹದಿವಯಸ್ಸಿನಲ್ಲಿ ಶುರು ಮಾಡಿದವರಿಗೆ ಚಟ ಹತ್ತುವ ಸಂಭವ ಹೆಚ್ಚಿರುವುದೂ ಇದರಿಂದಲೇ. ಈಚೆಗೆ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುತ್ತಿರುವ, ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸುವ ಹೈಡ್ರೋ ಗಾಂಜಾದಲ್ಲಿ ಟಿಎಚ್‌ಸಿ ಸಾಮಾನ್ಯ ಸೊಪ್ಪಿಗಿಂತ ಹೆಚ್ಚು.

ಬಿಟ್ಟ ಮೇಲಿನ ಸಿಟ್ಟು

ಹೆಚ್ಚಿನ ಮನೆಗಳು ಎಡವುವುದು ಇಲ್ಲಿ. ಹುಡುಗ ನಿಜವಾಗಿಯೂ ಬಿಟ್ಟಿರುತ್ತಾನೆ. ಮೂರನೇ ದಿನ ತಟ್ಟೆ ತಳ್ಳುತ್ತಾನೆ, ತಂಗಿಯ ಮೇಲೆ ರೇಗುತ್ತಾನೆ, ರಾತ್ರಿಯಿಡೀ ಹೊರಳಾಡುತ್ತಾನೆ. ‘ಬಿಟ್ಟರೂ ಸೊಕ್ಕು ಇಳಿದಿಲ್ಲ’ ಎಂದು ಅಪ್ಪ ಕೂಗಿದ ಸಂಜೆಯೇ ಅವನು ಮತ್ತೆ ಆ ಗುಂಪಿಗೆ ಸೇರುತ್ತಾನೆ. ಅದು ಸೊಕ್ಕಲ್ಲ. ದಿನವೂ ಸೇದುತ್ತಿದ್ದವರಲ್ಲಿ ನಿಲ್ಲಿಸಿದ ಒಂದೆರಡು ದಿನಕ್ಕೆ ಕಿರಿಕಿರಿ, ಬೆವರು, ತಲೆನೋವು, ಹಸಿವಿಲ್ಲದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲಿ ಅದು ತಾರಕಕ್ಕೇರಿ, ಎರಡು-ಮೂರು ವಾರದಲ್ಲಿ ಇಳಿಯುತ್ತದೆ. ವಿಚಿತ್ರ ಕನಸು, ಅರ್ಧ ನಿದ್ದೆ ಇನ್ನೂ ಕೆಲವು ದಿನ ಇರಬಹುದು. ಕ್ಯಾಲೆಂಡರಿನಲ್ಲಿ ಮೂರು ವಾರ ಗುರುತು ಹಾಕಿ, ಆ ಅವಧಿಯಲ್ಲಿ ಅಂಕಪಟ್ಟಿಯ ಮಾತು ಎತ್ತಬೇಡಿ.

ಒಂದೇ ಸಲಕ್ಕೆ ಹೊಟ್ಟೆ ತುಂಬ ಬಡಿಸುವ ಬದಲು ಮೊಸರನ್ನ, ಗಂಜಿ, ಹಣ್ಣು ಸ್ವಲ್ಪ ಸ್ವಲ್ಪ ಕೊಡಿ. ಸಂಜೆ ನಾಲ್ಕರ ನಂತರ ಕಾಫಿ-ಟೀ ಬೇಡ. ದಿನಾ ಸೇದುತ್ತಿದ್ದ ಹೊತ್ತಿಗೇ ಚಡಪಡಿಕೆ ಜಾಸ್ತಿ, ಆ ಒಂದೆರಡು ಗಂಟೆಗೆ ಜಿಮ್ಮೋ ಕ್ರಿಕೆಟ್ಟೋ ಮನೆಗೆ ಸಾಮಾನು ತರುವುದೋ ಮೊದಲೇ ಗೊತ್ತು ಮಾಡಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ, ಅದೇ ಇನ್ನೊಂದು ಚಟವಾಗುತ್ತದೆ.

ಗುಟ್ಟಾಗಿ ಮೂತ್ರ ಪರೀಕ್ಷೆ ಮಾಡಿಸುವ ಆಸೆಯನ್ನೂ ತಡೆಯಿರಿ. ಟಿಎಚ್‌ಸಿ ಕೊಬ್ಬಿನಲ್ಲಿ ಕೂರುತ್ತದೆ. ಎಂದೋ ಒಮ್ಮೆ ಸೇದಿದವರಲ್ಲಿ ಮೂರ್ನಾಲ್ಕು ದಿನಕ್ಕೆ ಹೋದರೆ, ದಿನವೂ ಸೇದಿದವರಲ್ಲಿ ಬಿಟ್ಟು ತಿಂಗಳಾದರೂ ಪಾಸಿಟಿವ್ ಬರಬಹುದು. ಹದಿನೈದನೇ ದಿನದ ಪಾಸಿಟಿವ್ ಹಿಡಿದು ‘ಸುಳ್ಳ’ ಎಂದರೆ ಬಿಟ್ಟವನೂ ಕೈಬಿಟ್ಟು ಹೋಗುತ್ತಾನೆ.

ಯಾರ ಹತ್ತಿರ ಹೋಗಬೇಕು?

ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹೊರಡುವ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಮಾತಾಡಬಹುದು, ಎರಡೂ ಉಚಿತ. ಗಾಂಜಾ ಬಿಡಿಸಲೆಂದೇ ಇರುವ ಮಾತ್ರೆ ಇಲ್ಲ. ಮುಖ್ಯ ಚಿಕಿತ್ಸೆ ವಾರವಾರದ ಆಪ್ತಸಮಾಲೋಚನೆ, ಅದರಲ್ಲಿ ಹೆತ್ತವರೂ ಕೂರಬೇಕು. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎನ್ನುವ ಪುಡಿಯ ಜಾಹೀರಾತು ಕಂಡರೆ ಪುಟ ತಿರುಗಿಸಿ.

ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ 18 ತುಂಬದವರನ್ನು ದೊಡ್ಡವರಿಂದ ಬೇರೆಯಾಗಿಡಬೇಕು, ಇರುವಷ್ಟು ದಿನವೂ ಮನೆಯವರೊಬ್ಬರು ಅಥವಾ ನೇಮಿಸಿದ ಸಹಾಯಕರು ಜೊತೆಗಿರಬೇಕು. ‘ಮೂರು ತಿಂಗಳು ಮಗನ್ನ ನೋಡೋಕೆ ಬರಬೇಡಿ’ ಎನ್ನುವ ಕಡೆಯಿಂದ ಆಗಲೇ ಎದ್ದು ಬನ್ನಿ.

ಕಿವಿಯಲ್ಲಿ ದನಿ ಕೇಳಿಸುತ್ತದೆ ಎಂದರೆ, ಎಲ್ಲರೂ ತನ್ನ ವಿರುದ್ಧವೇ ಸಂಚು ಮಾಡುತ್ತಿದ್ದಾರೆಂದು ಹೆದರಿದರೆ, ಸಾಯುವ ಮಾತಾಡಿದರೆ ವಾರದ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಪದೇ ಪದೇ ವಾಂತಿ, ಬಿಸಿನೀರು ಸ್ನಾನ ಮಾಡಿದರಷ್ಟೇ ಆರಾಮ ಎನ್ನುವುದೂ ದೀರ್ಘಕಾಲದ ಗಾಂಜಾ ಸೇವನೆಯ ಲಕ್ಷಣ. ಗ್ಯಾಸ್ಟ್ರಿಕ್ ಎಂದುಕೊಂಡು ಸುಮ್ಮನಿರಬೇಡಿ, ವೈದ್ಯರಿಗೆ ಗಾಂಜಾ ವಿಷಯ ಹೇಳಿ.

ಪೊಲೀಸರ ಭಯ

ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂದು ಹೆದರಿ ವರ್ಷಗಟ್ಟಲೆ ಮುಚ್ಚಿಡುವವರಿದ್ದಾರೆ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ ₹10,000ವರೆಗೆ ದಂಡ, ಇಲ್ಲವೇ ಎರಡೂ ಇರುವುದು ನಿಜ. ಆದರೆ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಒಪ್ಪುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. 18ರ ಒಳಗಿನವರ ವಿಚಾರಣೆ ಬಾಲ ನ್ಯಾಯ ಮಂಡಳಿಯ ಮುಂದೆ. ಮಕ್ಕಳಿಗೆ ಮಾದಕವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲಿದೆ. ಮಾರುವವರ ಸುಳಿವು ಇದ್ದರೆ ಮಾದಕವಸ್ತು ತಡೆ ಸಹಾಯವಾಣಿ 1933ಕ್ಕೆ ತಿಳಿಸಿ.

ಎರಡು ತಿಂಗಳು ಚೆನ್ನಾಗಿದ್ದು ಯಾರದೋ ಬರ್ತ್‌ಡೇ ಪಾರ್ಟಿಯಲ್ಲಿ ಒಂದು ದಮ್ ಎಳೆದು ಬಂದರೆ ಲೆಕ್ಕ ಸೊನ್ನೆಗೆ ಇಳಿಯಿತೆಂದು ತಿಳಿಯಬೇಡಿ. ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂಬ ಮೂರನ್ನು ಅವನ ಕೈಯಲ್ಲೇ ಬರೆಸಿ, ಮುಂದಿನ ಸಮಾಲೋಚನೆಗೆ ಆ ಚೀಟಿ ತೆಗೆದುಕೊಂಡು ಹೋಗಿ.